ಸಿಖ್ ಧರ್ಮದಲ್ಲಿ ದೈವಶ್ರದ್ಧೆ: ಕೆಲವು ವಿಚಾರಗಳು

ದೇವರಿರುವನೇ ಎಂಬ ಪ್ರಶ್ನೆ ಬಹು ಪುರಾತನವಾದುದು. ಅದಕ್ಕೆ ಪಂಡಿತರು ಕೊಟ್ಟ ಉತ್ತರಗಳೂ ಅಸಂಖ್ಯ. ಆದರೆ ದೇವರನ್ನು ನಂಬಿದವನ ನಿತ್ಯದ ಬಾಳಿನಲ್ಲಿ ಆ ನಂಬಿಕೆ ತರಬೇಕಾದ ಬದಲಾವಣೆ ಯಾವುದು ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಮುಖ್ಯವೆಂದು ಬಗೆದು, ಉಪದೇಶದಿಂದ ಮಾತ್ರವಲ್ಲದೆ ಸಾಮಾಜಿಕ ವ್ಯವಸ್ಥೆಗಳ ಮೂಲಕವೂ ಉತ್ತರಿಸಲು ಯತ್ನಿಸಿದುದು ಸಿಖ್ ಧರ್ಮದ ವೈಶಿಷ್ಟ್ಯ. ನಮ್ಮ ವಿದ್ಯಾರ್ಥಿಗಳಿಗೆ ಆ ಧರ್ಮದ ಪರಿಚಯವಾಗುವ ಬಗೆ ಮಾತ್ರ ಸಮಾಧಾನಕರವಾಗಿಲ್ಲ. ಮುಂಡಾಸು, ಗಡ್ಡ, ಕೃಪಾಣಗಳ ವರ್ಣನೆಗೆ ಅದು ನಿಂತುಬಿಡುತ್ತದೆ. ಇಲ್ಲವೇ ‘ಎಲ್ಲ ಧರ್ಮಗಳ ಸಾರವೂ ಒಂದೇ’ ಎಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಮೊದಲನೆಯದು ಹೊರಗಿನ ವೇಷವನ್ನಷ್ಟೇ ತೋರಿಸುತ್ತದೆ. ಎರಡನೆಯದು ನೋಡುವ ಶ್ರಮವನ್ನೇ ತಪ್ಪಿಸುತ್ತದೆ.

ಗುರು ನಾನಕರು 1469ರಲ್ಲಿ ತಲವಂಡಿ ಎಂಬ ಊರಿನಲ್ಲಿ ಜನಿಸಿದರು. ಇಂದು ಪಾಕಿಸ್ತಾನದಲ್ಲಿರುವ ಆ ಊರಿಗೆ ನಾನಕಾನಾ ಸಾಹಿಬ್ ಎಂದು ಹೆಸರು. ಅವರ ಬೋಧೆಯ ಮೊದಲ ಸಂಕೇತ ‘ಇಕ್ ಓಂಕಾರ್’ ಎಂಬುದು. ಓಂಕಾರದ ಮುಂದೆ ‘ಒಂದು’ ಎಂಬ ಅಂಕಿಯನ್ನೇ ಬರೆದು ದೇವರ ಏಕತ್ವವನ್ನು ಅಲ್ಲಿ ಸಾರಲಾಗಿದೆ. ಆ ದೇವರಿಗೆ ಹುಟ್ಟಿಲ್ಲ, ಸಾವಿಲ್ಲ, ಅವತಾರವಿಲ್ಲ, ಮೂರ್ತಿಯಿಲ್ಲ. ಆತನು ಸೃಷ್ಟಿಕರ್ತನೂ ಹೌದು, ಸೃಷ್ಟಿಯ ಕಣಕಣದಲ್ಲಿ ಇರುವವನೂ ಹೌದು. ಆತನು ನಿರ್ಭಯನು, ನಿರ್ವೈರನು. ಈ ಕೊನೆಯ ಗುಣವನ್ನು ವಿಶೇಷವಾಗಿ ಗಮನಿಸಬೇಕು. ಯಾರಲ್ಲಿಯೂ ವೈರವಿಲ್ಲದ ದೇವರನ್ನು ಒಂದು ಪಂಗಡದ ಪಕ್ಷಪಾತಿಯನ್ನಾಗಿ ಮಾಡಿಕೊಳ್ಳಲು ಬಾರದು.

ಹಾಗಾದರೆ ಎಲ್ಲೆಲ್ಲಿಯೂ ಇರುವ ದೇವರು ಮನುಷ್ಯನಿಗೆ ಏಕೆ ಕಾಣನು? ಸಿಖ್ ಧರ್ಮವು ಇದಕ್ಕೆ ಕೊಡುವ ಉತ್ತರ ‘ಹೌಮೈ’ ಎಂಬ ಒಂದು ಪದದಲ್ಲಿದೆ. ನಾನು, ನನ್ನದು ಎಂಬ ಅಹಂಭಾವವೇ ಹೌಮೈ. ಜಗತ್ತು ನಡೆಯುವುದು ದೇವರ ‘ಹುಕಮ್’ ಅಥವಾ ಆಜ್ಞೆಯಂತೆ. ಅದನ್ನು ಮರೆತು ತನ್ನಿಂದಲೇ ಎಲ್ಲವೂ ನಡೆಯುತ್ತಿದೆಯೆಂದು ಬಗೆಯುವುದೇ ಮಾನವನ ರೋಗ. ಈ ರೋಗವು ಭಗವತ್ಕೃಪೆಯಿಲ್ಲದೆ ಪೂರ್ತಿಯಾಗಿ ಗುಣವಾಗದು. ಆದರೂ ಮನುಷ್ಯನು ಮಾಡಬೇಕಾದ ಕರ್ತವ್ಯವುಂಟು. ಆ ಕರ್ತವ್ಯಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ. ತ್ಯಾಗಿಯೆಂಬ ಹೆಮ್ಮೆಯೂ ಹೌಮೈಯ ಇನ್ನೊಂದು ರೂಪವೇ. ದೀರ್ಘಕಾಲ ದೇಶಸಂಚಾರ ಮಾಡಿದ ನಾನಕರು ಕೊನೆಯ ವರ್ಷಗಳಲ್ಲಿ ರಾವಿ ನದಿಯ ದಡದ ಕರ್ತಾರ್‌ಪುರದಲ್ಲಿ ನೆಲೆಸಿ, ಗೃಹಸ್ಥರಾಗಿ ಬೇಸಾಯ ಮಾಡಿಕೊಂಡು ಬಾಳಿದರು. 1539ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ದೇವರ ನಾಮವನ್ನು ಸ್ಮರಿಸುವುದು, ದುಡಿದು ಪ್ರಾಮಾಣಿಕವಾಗಿ ಗಳಿಸುವುದು, ಗಳಿಸಿದುದನ್ನು ಹಂಚಿಕೊಂಡು ಉಣ್ಣುವುದು - ಈ ಮೂರು ಅವರ ಬೋಧೆಯ ಆಧಾರಸ್ತಂಭಗಳೆಂದು ಸಿಖ್ಖರು ಎಣಿಸುತ್ತಾರೆ.

ಉಪದೇಶವೊಂದರಿಂದಲೇ ಅಹಂಕಾರ ಅಳಿಯದೆಂಬುದನ್ನು ಗುರುಗಳು ಬಲ್ಲವರಾಗಿದ್ದರು. ಆದುದರಿಂದಲೇ ‘ಸಂಗತ್’ ಎಂಬ ಕೂಟದ ಜೊತೆಗೆ ‘ಪಂಗತ್’ ಎಂಬ ಪಂಕ್ತಿಭೋಜನವೂ ಬೆಳೆದು ಬಂದಿತು. ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿಯವರ ಅನ್ನಸೇವೆಯ ಉಲ್ಲೇಖ ಸಿಖ್ಖರ ಧರ್ಮಗ್ರಂಥದಲ್ಲಿಯೇ ಇದೆ. ಮೂರನೆಯ ಗುರು ಅಮರದಾಸರು ತಮ್ಮನ್ನು ಕಾಣಬಂದವರೆಲ್ಲರೂ ಮೊದಲು ಪಂಗತ್‌ನಲ್ಲಿ ಕುಳಿತು ಉಣ್ಣಬೇಕೆಂದು ನಿಯಮ ಮಾಡಿದರು. ಅಕ್ಬರ್ ಚಕ್ರವರ್ತಿಯೂ ಹಾಗೆ ನೆಲದ ಮೇಲೆ ಕುಳಿತು ಉಂಡನೆಂದು ಸಿಖ್ ಪರಂಪರೆ ಹೇಳುತ್ತದೆ. ಅಮೃತಸರದ ಹರಿಮಂದಿರದ ಲಂಗರಿನಲ್ಲಿ ಇಂದಿಗೂ ದಿನಂಪ್ರತಿ ಹತ್ತಾರು ಸಾವಿರ ಜನ ಜಾತಿ ಮತಗಳ ವಿಚಾರಣೆಯಿಲ್ಲದೆ ಉಣ್ಣುತ್ತಾರೆ. ತನ್ನ ಗಳಿಕೆಯ ಹತ್ತನೆಯ ಒಂದು ಪಾಲನ್ನು ಧರ್ಮಕಾರ್ಯಕ್ಕೆ ಕೊಟ್ಟವನಿಗೂ ಅಲ್ಲಿ ಪ್ರತ್ಯೇಕ ಮಣೆಯಿಲ್ಲ.

ಇದೇ ದೃಷ್ಟಿ ಅವರ ಗ್ರಂಥದಲ್ಲಿಯೂ ಕಾಣುತ್ತದೆ. ಐದನೆಯ ಗುರು ಅರ್ಜುನದೇವರು 1604ರಲ್ಲಿ ಸಂಕಲನಗೊಳಿಸಿದ ಆದಿಗ್ರಂಥದಲ್ಲಿ ಗುರುಗಳ ವಾಣಿಯೊಂದಿಗೆ ನೇಕಾರ ಕಬೀರ, ಚಮ್ಮಾರ ರವಿದಾಸ, ಮಹಾರಾಷ್ಟ್ರದ ನಾಮದೇವ, ಸೂಫಿ ಸಂತ ಶೇಖ್ ಫರೀದರ ಪದಗಳೂ ಸೇರಿವೆ. ಸತ್ಯವನ್ನು ನುಡಿದವನ ಕುಲವನ್ನು ವಿಚಾರಿಸದೆ ಅವನ ಮಾತನ್ನು ಪೂಜ್ಯಸ್ಥಾನದಲ್ಲಿಟ್ಟ ಔದಾರ್ಯವಿದು. ಹತ್ತನೆಯ ಗುರು ಗೋವಿಂದಸಿಂಹರು 1708ರಲ್ಲಿ ನಾಂದೇಡದಲ್ಲಿ ದೇಹತ್ಯಾಗ ಮಾಡುವ ಮುನ್ನ, ಇನ್ನು ಮುಂದೆ ಈ ಗ್ರಂಥವೇ ಗುರುವೆಂದು ವಿಧಿಸಿದರು. ವ್ಯಕ್ತಿಪೂಜೆಗೆ ಬಾಗಿಲು ಮುಚ್ಚಿದ ಇಂಥ ನಿರ್ಧಾರ ಧರ್ಮಗಳ ಇತಿಹಾಸದಲ್ಲಿ ಅಪರೂಪವಾದುದು.

ಅದಕ್ಕೂ ಮೊದಲು, 1699ರ ವೈಶಾಖಿಯಂದು ಆನಂದಪುರದಲ್ಲಿ ಅವರು ಖಾಲ್ಸಾ ಪಂಥವನ್ನು ಸ್ಥಾಪಿಸಿದರು. ತಲೆಯನ್ನೊಪ್ಪಿಸಲು ಸಿದ್ಧರಾಗಿ ಮುಂದೆ ಬಂದ ಐವರಿಗೆ ‘ಪಂಜ್ ಪ್ಯಾರೇ’ ಎಂದು ಹೆಸರಾಯಿತು. ಬೇರೆ ಬೇರೆ ಪ್ರಾಂತಗಳಿಂದ ಬಂದ ಆ ಐವರಲ್ಲಿ ಒಬ್ಬನಾದ ಸಾಹಿಬ್‌ಚಂದನು ನಮ್ಮ ಬೀದರಿನವನು. ಕ್ಷೌರಿಕ ಕುಲದವನೆಂದು ಪರಂಪರೆ ಹೇಳುತ್ತದೆ. ಗುರುಗಳು ಆ ಐವರಿಗೆ ಅಮೃತದೀಕ್ಷೆಯನ್ನಿತ್ತು, ಅನಂತರ ಅವರೆದುರು ತಾವೇ ಕೈಮುಗಿದು ನಿಂತು ಅವರಿಂದಲೇ ದೀಕ್ಷೆಯನ್ನು ಬೇಡಿ ಪಡೆದರು. ಗುರುವು ಶಿಷ್ಯನ ಮುಂದೆ ಶಿಷ್ಯನಾದ ಈ ಪ್ರಸಂಗವು, ಬೀದರಿನ ನಾನಕ್ ಝೀರಾದ ಬುಗ್ಗೆಯನ್ನು ನೋಡಿಬಂದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ನಿರ್ವೈರನಾದ ದೇವರ ಭಕ್ತನಿಗೆ ಖಡ್ಗವೇತಕ್ಕೆ ಎಂಬುದು ಮೊದಲನೆಯದು. ಅರ್ಜುನದೇವರು 1606ರಲ್ಲಿ ಲಾಹೋರಿನಲ್ಲಿಯೂ, ಒಂಬತ್ತನೆಯ ಗುರು ತೇಗ್ ಬಹಾದೂರರು 1675ರಲ್ಲಿ ದೆಹಲಿಯಲ್ಲಿಯೂ ಮೊಗಲರ ಆಳಿಕೆಯಲ್ಲಿ ಬಲಿದಾನವಾದರೆಂಬುದನ್ನು ನೆನೆದರೆ ಇದಕ್ಕೆ ಉತ್ತರ ದೊರೆಯುತ್ತದೆ. ತೇಗ್ ಬಹಾದೂರರು ಪ್ರಾಣ ತೆತ್ತುದು ತಮ್ಮದಲ್ಲದ ಮತದವರಾದ ಕಾಶ್ಮೀರಿ ಪಂಡಿತರ ಸಲುವಾಗಿ ಎಂದು ಸಿಖ್ಖರು ನಂಬುತ್ತಾರೆ. ಅವರ ದೃಷ್ಟಿಯಲ್ಲಿ ಕೃಪಾಣವು ದ್ವೇಷದ ಗುರುತಲ್ಲ, ದುರ್ಬಲರ ರಕ್ಷಣೆಯ ಹೊಣೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಪಂಜಾಬಿನ ಹಳ್ಳಿಗಳಲ್ಲಿ ಜಾತಿ ಅಳಿದಿಲ್ಲ. ಜಾತಿಗೊಂದು ಗುರುದ್ವಾರವಿರುವ ಊರುಗಳೂ ಉಂಟು. ಇದು ಮುಚ್ಚಿಡಬೇಕಾದ ಸಂಗತಿಯಲ್ಲ. ಆದರೆ ಇದರಿಂದ ಬೋಧೆ ಸುಳ್ಳೆಂದು ಸಿದ್ಧವಾಗದು. ಹೌಮೈ ಎಂಬುದು ವ್ಯಕ್ತಿಯ ರೋಗ ಮಾತ್ರವಲ್ಲ, ಸಮುದಾಯದ ರೋಗವೂ ಹೌದು. ಒಮ್ಮೆ ಔಷಧ ಕುಡಿದ ಮಾತ್ರಕ್ಕೆ ಅದು ತಲೆಮಾರುಗಳವರೆಗೆ ವಾಸಿಯಾಗುವುದಿಲ್ಲ ಎಂದಷ್ಟೇ ಅದು ತೋರಿಸುತ್ತದೆ. ಜಾತಿಯನ್ನು ಅಲ್ಲಗಳೆದ ಮಹನೀಯರ ಹೆಸರು ಹೇಳುವ ಯಾವ ಸಮಾಜವೂ ಈ ಮಾತಿಗೆ ಹೊರತಲ್ಲ, ನಾವಂತೂ ಅಲ್ಲ.

ದುಡಿಮೆ ಮತ್ತು ಹಂಚಿಕೆಯ ಈ ತತ್ತ್ವಗಳನ್ನು ಓದಿದಾಗ ನಮ್ಮ ವಾಚಕರಿಗೆ ಕಾಯಕ ದಾಸೋಹಗಳು ನೆನಪಾಗುವುದು ಸಹಜ. ಸಾಮ್ಯವನ್ನು ಕಂಡು ಸಂತೋಷಪಡೋಣ. ಆದರೆ ‘ಇದು ನಮ್ಮಲ್ಲಿಯೂ ಉಂಟು’ ಎಂದು ಪುಸ್ತಕ ಮುಚ್ಚಿದರೆ ನಾವು ಕಲಿತದ್ದೇನೂ ಇಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸುವ ಮಾರ್ಗ ಬೇರೆ, ಯಾವ ಕುರುಹನ್ನೂ ಪೂಜಿಸದೆ ಗ್ರಂಥದ ಶಬ್ದಕ್ಕೆ ತಲೆಬಾಗುವ ಮಾರ್ಗ ಬೇರೆ. ಅನ್ಯಧರ್ಮದ ಭಿನ್ನತೆಯನ್ನು ಭಿನ್ನತೆಯೆಂದೇ ತಿಳಿದು ಗೌರವಿಸುವುದು ನಿಜವಾದ ಸಹಿಷ್ಣುತೆ.

ಆದಕಾರಣ ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಗುರುನಾನಕ ಜಯಂತಿಯ ದಿನ ಮಕ್ಕಳಿಗೆ ಸಿಖ್ಖರ ಚಿಹ್ನೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರ ಬದಲು ಹೌಮೈ ಎಂದರೇನೆಂದು ವಿವರಿಸಿರಿ. ಗುರುವೇ ಶಿಷ್ಯರೆದುರು ಕೈಮುಗಿದುದೇಕೆಂದು ಅವರನ್ನೇ ಕೇಳಿರಿ. ದಾನಿಗಳಾದ ಹಿರಿಯರೂ ಶಾಲೆಗೆ ಬಂದ ದಿನ ವೇದಿಕೆಯಿಂದಿಳಿದು ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾದರೆ, ಹತ್ತು ಉಪನ್ಯಾಸಗಳಿಂದ ಆಗದ ಪಾಠ ಆ ಒಂದು ಊಟದಿಂದ ಆದೀತು.