ಮೊದಲು ಬ್ಯಾಟ್ ಹಿಡಿಯಬೇಕಾದವರು ಯಾರು?

ಕ್ರಿಕೆಟ್‌ನಲ್ಲಿ ಔಟಾದವರಿಗೆ ಆ ಇನಿಂಗ್ಸ್‌ನಲ್ಲಿ ಮತ್ತೆ ಬ್ಯಾಟ್ ಸಿಗುವುದಿಲ್ಲ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಂಬತ್ತನೆಯವರ ಸರದಿ ಮುಗಿದ ಕೂಡಲೇ ಮೊದಲನೆಯವರು ಮತ್ತೆ ಬರುತ್ತಾರೆ; ಒಂದು ಇನಿಂಗ್ಸ್‌ನಲ್ಲಿ ಸರದಿ ಎಲ್ಲಿ ನಿಂತಿತೋ ಮುಂದಿನ ಇನಿಂಗ್ಸ್‌ನಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ. ಹೀಗಾಗಿ ಬ್ಯಾಟಿಂಗ್ ಕ್ರಮವನ್ನು ಬರೆಯುವ ಮ್ಯಾನೇಜರ್ ಯಾರಿಗೆ ಎಷ್ಟು ಅವಕಾಶ ಎಂಬುದನ್ನೂ ನಿರ್ಧರಿಸುತ್ತಿರುತ್ತಾರೆ.

ಅಮೆರಿಕದ ಮೇಜರ್ ಲೀಗ್ ತಂಡವೊಂದು ಸೀಸನ್‌ಗೆ 162 ಪಂದ್ಯ ಆಡುತ್ತದೆ. ಪಂದ್ಯದ ಕೊನೆಯ ಸರದಿ ಒಂಬತ್ತು ಸ್ಥಾನಗಳಲ್ಲಿ ಯಾವುದಕ್ಕಾದರೂ ಬರಬಹುದು. ಆ ಲೆಕ್ಕದಲ್ಲಿ ಒಂದು ಸ್ಥಾನ ಕೆಳಗಿಳಿದವರು ವರ್ಷಕ್ಕೆ ಸುಮಾರು 18 ಸರದಿ ಕಳೆದುಕೊಳ್ಳುತ್ತಾರೆ.

ಹಳೆಯ ವಾಡಿಕೆಯಲ್ಲಿ ಮೊದಲ ಸ್ಥಾನ ವೇಗದ ಓಟಗಾರರದ್ದು, ಮೂರನೆಯದು ಎಲ್ಲರಿಗಿಂತ ಉತ್ತಮ ಬ್ಯಾಟರ್‌ದು, ನಾಲ್ಕನೆಯದು ದೊಡ್ಡ ಹೊಡೆತದವರದ್ದು. 1929ರಲ್ಲಿ ಯಾಂಕೀಸ್ ತಂಡ ಅಂಗಿಯ ಮೇಲೆ ಸಂಖ್ಯೆ ಹಾಕಿಸಿದ್ದೂ ಈ ಕ್ರಮದಲ್ಲೇ: ಬೇಬ್ ರೂತ್‌ಗೆ 3, ಲೂ ಗೆರಿಗ್‌ಗೆ 4.

ಆದರೆ ಬರೀ ವೇಗವನ್ನು ನೋಡಿ ಮೊದಲ ಸ್ಥಾನ ಕೊಡುವುದು ಸರಿಯೇ? 1986ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ವಿನ್ಸ್ ಕೋಲ್ಮನ್ 107 ಬೇಸ್ ಕದ್ದರು, ಅಂದರೆ ಬ್ಯಾಟರ್ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರಿದರು. ಆದರೆ ನೂರು ಸರದಿಯಲ್ಲಿ ಅವರು ಔಟಾಗದೆ ಬೇಸ್ ತಲುಪುತ್ತಿದ್ದದ್ದು ಸುಮಾರು 30 ಸಲ. ಬೇಸ್ ತಲುಪದವರ ವೇಗದಿಂದ ತಂಡಕ್ಕೇನು ಲಾಭ? 2023ರಲ್ಲಿ ಫಿಲಡೆಲ್ಫಿಯಾ ಫಿಲೀಸ್‌ನ ಕೈಲ್ ಶ್ವಾರ್ಬರ್ ನಿಧಾನದ ಓಟಗಾರ, ಅವರ ಬ್ಯಾಟಿಂಗ್ ಸರಾಸರಿ ಕೇವಲ .197. ಆದರೂ ಹೆಚ್ಚಿನ ಪಂದ್ಯಗಳಲ್ಲಿ ಮೊದಲಿಗರಾಗಿ ಬಂದ ಅವರು 126 ವಾಕ್ (ನಾಲ್ಕು ಕೆಟ್ಟ ಎಸೆತಗಳನ್ನು ಹೊಡೆಯದೆ ಬಿಟ್ಟಾಗ ಸಿಗುವ ಉಚಿತ ಬೇಸ್) ಪಡೆದು, 47 ಹೋಂ ರನ್ ಹೊಡೆದು, ನೂರಕ್ಕೆ 34 ಸಲ ಬೇಸ್ ತಲುಪಿದರು. ಒಂದು ಇನಿಂಗ್ಸ್‌ಗೆ ಮೂರೇ ಔಟ್ ಇರುವ ಆಟದಲ್ಲಿ ಔಟಾಗದೆ ಉಳಿಯುವುದೇ ಮೊದಲ ಅರ್ಹತೆ.

ಮೂರನೆಯ ಸ್ಥಾನದ ಹಿರಿಮೆಯೂ ಪ್ರಶ್ನಾರ್ಹವೇ. ಮೊದಲ ಇನಿಂಗ್ಸ್‌ನಲ್ಲಿ ಆರಂಭದ ಇಬ್ಬರೂ ಔಟಾದರೆ ಮೂರನೆಯವರು ಬರುವುದು ಖಾಲಿ ಬೇಸ್‌ಗಳ ಮುಂದೆ. ಅದಕ್ಕೇ ಅಂಕಿಅಂಶ ತಜ್ಞರು ಒಂದು, ಎರಡು, ನಾಲ್ಕನೆಯ ಸ್ಥಾನಗಳಿಗೆ ತಂಡದ ಶ್ರೇಷ್ಠ ಮೂವರನ್ನು ಸೂಚಿಸುತ್ತಾರೆ.

ಇದರಿಂದ ಸಿಗುವ ಲಾಭ ದೊಡ್ಡದಲ್ಲ, ನಿಜ. ಇಡೀ ಸೀಸನ್‌ನಲ್ಲಿ ಹತ್ತು ಹದಿನೈದು ರನ್ ಹೆಚ್ಚಬಹುದು, ಅಂದರೆ ಒಂದು ಗೆಲುವಿನಷ್ಟು. ಆದರೆ ಒಂದೇ ಗೆಲುವಿನ ಅಂತರದಲ್ಲಿ ಪ್ಲೇಆಫ್ ಕೈತಪ್ಪಿದ ತಂಡಗಳಿವೆ. ಈ ಬದಲಾವಣೆಗೋ ಹೊಸ ಆಟಗಾರರೂ ಬೇಡ, ಹಣವೂ ಬೇಡ.

2024ರ ಜೂನ್‌ನಲ್ಲಿ ಮೂಕಿ ಬೆಟ್ಸ್ ಕೈಮೂಳೆ ಮುರಿದುಕೊಂಡಾಗ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಶೋಹೆಯಿ ಒಟಾನಿಯವರನ್ನು ಮೊದಲ ಸ್ಥಾನಕ್ಕೆ ತಂದಿತು. ಆಗಸ್ಟ್‌ನಲ್ಲಿ ಬೆಟ್ಸ್ ಮರಳಿದರೂ ಒಟಾನಿ ಅಲ್ಲೇ ಉಳಿದರು, ಬೆಟ್ಸ್ ಎರಡನೆಯವರಾದರು. ಆ ಸೀಸನ್‌ನಲ್ಲಿ ಒಟಾನಿ ಹೊಡೆದದ್ದು 54 ಹೋಂ ರನ್. ಅಂಥ ಬ್ಯಾಟರ್‌ಗೆ ಒಂದು ಸರದಿಯನ್ನೂ ಕಡಿಮೆ ಮಾಡುವ ಕ್ರಮಕ್ಕೆ, ಅದು ಎಷ್ಟೇ ಹಳೆಯ ವಾಡಿಕೆಯಾಗಿರಲಿ, ಸಮರ್ಥನೆ ಸಿಗುವುದು ಕಷ್ಟ.