ಪೆಟ್ಟಿಗೆ ಕಾಣದಿದ್ದರೆ ಗಾಬರಿಯಾಗಬೇಡಿ



ಮೊಬೈಲ್ ತುಂಬಿತೆಂದು ಫೋಟೋಗಳನ್ನು ಅಳಿಸುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಸಂಗತಿ. ಅದಕ್ಕೆ ಪರಿಹಾರವಾಗಿ ಈಗ ಕೆಲವು ಮನೆಗಳಿಗೆ ‘ನ್ಯಾಸ್’ ಎಂಬ ಪುಟ್ಟ ಪೆಟ್ಟಿಗೆ ಬಂದಿದೆ. ಒಳಗೆ ಒಂದೆರಡು ಹಾರ್ಡ್ ಡಿಸ್ಕ್. ರೂಟರಿಗೆ ಜೋಡಿಸಿದರೆ ಮನೆಮಂದಿಯ ಫೋಟೋ, ಮದುವೆಯ ವೀಡಿಯೊ, ಮಕ್ಕಳ ಅಂಕಪಟ್ಟಿ ಎಲ್ಲವೂ ಅದರಲ್ಲಿ. ಗಲ್ಫಿನಿಂದ ರಜೆಗೆ ಬಂದ ತಮ್ಮನೋ ಮಗನೋ ಇದನ್ನು ಜೋಡಿಸಿಕೊಟ್ಟು ಹೋಗುತ್ತಾರೆ. ಅವರು ವಿಮಾನ ಹತ್ತಿದ ಮರುವಾರವೇ ಅದು ಕೈಕೊಡುತ್ತದೆ! ಬೆಳಿಗ್ಗೆ ಕಂಡ ಪೆಟ್ಟಿಗೆ ಸಂಜೆ ಕಾಣುವುದಿಲ್ಲ. ವೀಡಿಯೊ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮಲ್ಲೂ ಹಾಗೆಯೇ ಆಯಿತು. ತೀರಿಹೋದ ನನ್ನ ಉಮ್ಮನ ಧ್ವನಿ ಆ ಪೆಟ್ಟಿಗೆಯಲ್ಲಿತ್ತು. ಅಲ್ಲಾಹನು ಅವರ ಕಬರನ್ನು ಬೆಳಗಲಿ. ಮೊಮ್ಮಗಳಿಗೆ ಅಲಿಫ್, ಬಾ ಕಲಿಸುವಾಗ ಯಾರೋ ಸುಮ್ಮನೆ ರೆಕಾರ್ಡ್ ಮಾಡಿಕೊಂಡದ್ದು. ಕಂಪ್ಯೂಟರಿನಲ್ಲಿ ಪೆಟ್ಟಿಗೆ ಕಾಣದಾದಾಗ ನನ್ನ ಕೈಕಾಲು ತಣ್ಣಗಾಯಿತು. ರಿಪೇರಿಗೆ ಬಂದವನು “ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡೋಣ” ಎಂದ. ನಾನು ಒಪ್ಪಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಡಿಸ್ಕಿಗೆ ಏನೂ ಆಗಿರಲಿಲ್ಲ. ಅಲ್ಲಿಗೆ ಹೋಗುವ ದಾರಿ ಕೆಟ್ಟಿತ್ತು, ಅಷ್ಟೇ.

ದಾರಿ ಕೆಟ್ಟಿದೆಯೋ ಡಿಸ್ಕ್ ಕೆಟ್ಟಿದೆಯೋ ಎಂದು ನೀವೇ ತಿಳಿಯಬಹುದು. ಪೆಟ್ಟಿಗೆಯನ್ನು ಎತ್ತಿ ತಂದು ರೂಟರಿನ ಪಕ್ಕದಲ್ಲಿಟ್ಟು ನೆಟ್‌ವರ್ಕ್ ಕೇಬಲಿನಿಂದ ಜೋಡಿಸಿ. (ಎತ್ತುವ ಮೊದಲು ಆಫ್ ಮಾಡಲು ಮರೆಯದಿರಿ.) ಲ್ಯಾಪ್‌ಟಾಪಿನ ವೈಫೈ ಆರಿಸಿ, ಅದನ್ನೂ ಕೇಬಲಿನಿಂದಲೇ ರೂಟರಿಗೆ ಜೋಡಿಸಿ. ಈಗ ಫೈಲುಗಳು ಸರಾಗವಾಗಿ ತೆರೆದರೆ ತೊಂದರೆ ಇರುವುದು ವೈಫೈಯಲ್ಲಿ. ಫಾರ್ಮ್ಯಾಟಿನ ಮಾತು ಯಾರೇ ಎತ್ತಲಿ, ಈ ಪರೀಕ್ಷೆ ಆಗುವವರೆಗೆ ಪೆಟ್ಟಿಗೆಯನ್ನು ಮುಟ್ಟಗೊಡಬೇಡಿ.

ನಮ್ಮ ಮನೆಯಲ್ಲಿ ಪೆಟ್ಟಿಗೆ ಮಹಡಿಯ ಕೋಣೆಯಲ್ಲಿ, ಉಕ್ಕಿನ ಕಪಾಟಿನ ಹಿಂದೆ ಇತ್ತು. ರೂಟರ್ ಕೆಳಗಿನ ಚಾವಡಿಯಲ್ಲಿ. ನಡುವೆ ಕಾಂಕ್ರೀಟಿನ ಸ್ಲ್ಯಾಬು, ದಪ್ಪನೆಯ ಕೆಂಪುಕಲ್ಲಿನ ಗೋಡೆ. ಪೆಟ್ಟಿಗೆಯೂ ವೈಫೈಯಲ್ಲಿ, ಫೋನೂ ವೈಫೈಯಲ್ಲಿ ಇದ್ದರೆ ಪ್ರತಿಯೊಂದು ಫೋಟೋ ಎರಡೆರಡು ಸಲ ಗಾಳಿಯಲ್ಲಿ ಹಾಯಬೇಕು. ಪೆಟ್ಟಿಗೆಯನ್ನು ಕೆಳಗೆ ತಂದು ಕೇಬಲ್ ಹಾಕಿದ ಮೇಲೆ ಮುಕ್ಕಾಲು ಕಾಟ ನಿಂತಿತು. ಫೋನು ವೈಫೈಯಲ್ಲಿರಲಿ, ಪೆಟ್ಟಿಗೆ ಮಾತ್ರ ಕೇಬಲಿನಲ್ಲೇ ಇರಲಿ.

ಉಳಿದ ಕಾಲು ಕಾಟ ಅಡುಗೆಮನೆಯಿಂದ ಬರುತ್ತಿತ್ತೆಂದರೆ ನಂಬುತ್ತೀರಾ? ಮೈಕ್ರೋವೇವ್ ಓವನ್ ಕೆಲಸ ಮಾಡುವುದು ಸುಮಾರು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಹಳೆಯ ಬಗೆಯ ವೈಫೈಯದ್ದೂ ಅದೇ ತರಂಗ. ನಾನು ಬಿರಿಯಾನಿ ಬಿಸಿಮಾಡುವ ಹೊತ್ತಿಗೇ ಮಗಳ ವೀಡಿಯೊ ನಿಲ್ಲುತ್ತಿತ್ತು. ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿದ ಮೇಲೆ ಸರಿಯಾಯಿತು. ಆದರೆ ಅದು ಗೋಡೆ ದಾಟುವುದರಲ್ಲಿ ಸ್ವಲ್ಪ ದುರ್ಬಲ. ದೂರದ ಕೋಣೆಗೆ 2.4 ಬೇಕೇ ಬೇಕಾದರೆ ರೂಟರಿನ ಸೆಟ್ಟಿಂಗಿನಲ್ಲಿ ಚಾನೆಲ್ 1, 6, 11 ಇವುಗಳಲ್ಲಿ ನೆರೆಮನೆಯವರ ಗದ್ದಲ ಕಡಿಮೆ ಇರುವುದನ್ನು ಆರಿಸಿ.

ಕರೆಂಟು ಹೋಗಿ ಬಂದ ಮೇಲೆ ಪೆಟ್ಟಿಗೆ ಕಾಣದಿದ್ದರೆ ಕಾರಣ ಬೇರೆ. ಪೆಟ್ಟಿಗೆ ಎಚ್ಚರಗೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ರೂಟರ್ ಅದಕ್ಕೆ ಹೊಸ ಐಪಿ ವಿಳಾಸ ಕೊಟ್ಟಿರಲೂಬಹುದು. ನಿಮ್ಮ ಕಂಪ್ಯೂಟರ್ ಮಾತ್ರ ಹಳೆಯ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ಆ ಪೆಟ್ಟಿಗೆಗೆ ಒಂದೇ ವಿಳಾಸವನ್ನು ಕಾಯ್ದಿರಿಸುವ ಸೌಲಭ್ಯ ಹೆಚ್ಚಿನ ರೂಟರುಗಳಲ್ಲಿದೆ, ತಿಳಿದವರಿಂದ ಮಾಡಿಸಿಕೊಳ್ಳಿ. ಪದೇ ಪದೇ ಕರೆಂಟು ಹೋಗುವ ಊರಾದರೆ ಪೆಟ್ಟಿಗೆಗೂ ರೂಟರಿಗೂ ಸಣ್ಣ ಯುಪಿಎಸ್ ಇಡುವುದು ಒಳ್ಳೆಯದು.

ಇನ್ನೊಂದು ಮಾತು. ಫೋನಿನಿಂದ ಪೆಟ್ಟಿಗೆಗೆ ಫೈಲು ಕಳಿಸುವಾಗ ‘ಮೂವ್’ ಮಾಡಬೇಡಿ, ‘ಕಾಪಿ’ ಮಾಡಿ. ಪೆಟ್ಟಿಗೆಯಲ್ಲಿ ತೆರೆದು ನೋಡಿ, ಆಮೇಲಷ್ಟೇ ಫೋನಿನಿಂದ ಅಳಿಸಿ. ಪೆಟ್ಟಿಗೆಯೊಂದನ್ನೇ ನೆಚ್ಚಿಕೊಳ್ಳುವುದೂ ಬೇಡ, ಡಿಸ್ಕ್ ಒಂದಲ್ಲ ಒಂದು ದಿನ ನಿಜವಾಗಿಯೂ ಕೆಡುತ್ತದೆ. ಉಮ್ಮನ ಅಲಿಫ್, ಬಾ ಈಗ ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ನನ್ನ ತಂಗಿಯ ಮನೆಯಲ್ಲೂ ಇದೆ.