ಎಷ್ಟು ಸಲ ಉಲ್ಲೇಖವಾಯಿತು ಎಂಬುದಷ್ಟೇ ಅಳತೆಯೇ?

ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ: ‘ವಿಶ್ವದ ಅಗ್ರ ಶೇ. 2 ವಿಜ್ಞಾನಿಗಳ ಪಟ್ಟಿಯಲ್ಲಿ ಇಂಥವರಿಗೆ ಸ್ಥಾನ’. ಜೊತೆಗೊಂದು ಫೋಟೊ. ಮಂಗಳೂರಿನಂತೆ ಮೆಡಿಕಲ್ ಕಾಲೇಜುಗಳು ತುಂಬಿರುವ ಊರಲ್ಲಿ ಇಂಥ ಸುದ್ದಿ ಹೊಸತೇನಲ್ಲ. ನಮ್ಮವರ ಮಕ್ಕಳ ಹೆಸರು ಅದರಲ್ಲಿ ಕಂಡರೆ ಊರಲ್ಲಿ ಸನ್ಮಾನ, ಗಲ್ಫ್‌ನಲ್ಲಿರುವವರ ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆಗಳ ಮಳೆ. ಖುಷಿ ಪಡಬೇಕಾದ ವಿಷಯವೇ, ಬೇಡ ಅನ್ನುವುದಿಲ್ಲ. ಆದರೆ ಆ ಪಟ್ಟಿ ಅಳೆದದ್ದು ಏನನ್ನು ಅಂತ ಕೇಳಿದರೆ ಶಾಲು ಹೊದಿಸಿದವರಲ್ಲಿ ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಬೇರೆ ವಿಷಯವಾದರೆ ಬಿಡಬಹುದಿತ್ತು. ಇದು ಆರೋಗ್ಯದ ಸಂಶೋಧನೆ, ನಾಳೆ ನಾವು ನುಂಗುವ ಮಾತ್ರೆಯ ವಿಷಯ.

ಲೆಕ್ಕ ಹೀಗಿದೆ. ಒಬ್ಬ ಸಂಶೋಧಕ ಒಂದು ಪ್ರಬಂಧ ಪ್ರಕಟಿಸುತ್ತಾರೆ. ಆ ಮೇಲೆ ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಅದನ್ನು ಹೆಸರಿಸಿದರೆ ಅದು ಒಂದು ಉಲ್ಲೇಖ. ನಿಮ್ಮ ಪ್ರಬಂಧಗಳಲ್ಲಿ ಹತ್ತು, ತಲಾ ಹತ್ತು ಸಲವಾದರೂ ಉಲ್ಲೇಖವಾಗಿದ್ದರೆ ನಿಮ್ಮ ಎಚ್-ಇಂಡೆಕ್ಸ್ 10. ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಕೊಟ್ಟ ಸೂತ್ರ ಇದು. ಶೇ. 2ರ ಪಟ್ಟಿಯನ್ನು ತಯಾರಿಸುವುದು ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಜಾನ್ ಅಯೋನಿಡಿಸ್ ಮತ್ತು ಅವರ ಸಂಗಡಿಗರು, ಸ್ಕೋಪಸ್ ಎಂಬ ದತ್ತಾಂಶ ಕೋಶದ ಆಧಾರದಲ್ಲಿ. ಅದರಲ್ಲೂ ಎರಡು ಪಟ್ಟಿಗಳಿವೆ. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಸುದ್ದಿಯಲ್ಲಿ ಯಾವ ಪಟ್ಟಿ ಅಂತ ಹೇಳುವುದೇ ಅಪರೂಪ. ಎರಡೂ ಎಣಿಸುವುದು ಉಲ್ಲೇಖಗಳನ್ನು. ರೋಗಿಗಳು ಗುಣವಾದದ್ದನ್ನಲ್ಲ.

ಎಣಿಕೆಗೆ ಬೆಲೆಯೇ ಇಲ್ಲ ಅಂತ ಅಲ್ಲ. ಒಳ್ಳೆಯ ಕೆಲಸವನ್ನು ಬೇರೆಯವರು ಬಳಸುತ್ತಾರೆ, ಬಳಸಿದಾಗ ಹೆಸರು ಹೇಳುತ್ತಾರೆ. ಆದರೆ ಎಣಿಕೆ ಎಲ್ಲಿ ಕೈ ಕೊಡುತ್ತದೆ ಎಂದು ತಿಳಿಯಲು ಕೋಲ್ಕತಾದ ಡಾ. ಶಂಭುನಾಥ ಡೇ ಅವರ ಕತೆಯೊಂದು ಸಾಕು.

1884ರಲ್ಲಿ ರಾಬರ್ಟ್ ಕಾಖ್ ಕೋಲ್ಕತಾದಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದ್ದರು. ಆದರೆ ಅದು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದು ಮುಂದಿನ 75 ವರ್ಷ ಬಗೆಹರಿಯಲಿಲ್ಲ. ಡೇ ಅವರು ಮೊಲದ ಕರುಳಿನ ತುಂಡನ್ನು ಎರಡೂ ಕಡೆ ಕಟ್ಟಿ ಪ್ರಯೋಗ ಮಾಡಿದರು. ರೋಗಾಣುಗಳನ್ನು ಪೂರ್ತಿ ಸೋಸಿ ತೆಗೆದ ದ್ರವವನ್ನಷ್ಟೇ ಒಳಗೆ ಬಿಟ್ಟರೂ ಕರುಳಿನಲ್ಲಿ ನೀರು ತುಂಬಿಕೊಂಡಿತು. ಅಂದರೆ ರೋಗಾಣು ಹೊರಬಿಡುವ ವಿಷವೇ ಕರುಳಿಗೆ ನೀರನ್ನು ಎಳೆಯುತ್ತದೆ, ನೀರು ಕಳೆದುಕೊಂಡೇ ರೋಗಿ ಸಾಯುತ್ತಾನೆ. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಂದು ಕಾಲರಾ ಅಧ್ಯಯನದ ಮೈಲಿಗಲ್ಲು ಅದು. ಆದರೆ ಆ ಕಾಲಕ್ಕೆ? ಯಾರೂ ತಲೆ ಎತ್ತಿ ನೋಡಲಿಲ್ಲ. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರು ಡೇ ಹೆಸರನ್ನು ನೊಬೆಲ್‌ಗೆ ಸೂಚಿಸಿದರು. ನಮ್ಮ ದೇಶದ ವಿಜ್ಞಾನ ಅಕಾಡೆಮಿಗಳು ಮಾತ್ರ ಅವರಿಗೆ ಒಂದು ಫೆಲೋಶಿಪ್ ಕೂಡಾ ಕೊಡಲಿಲ್ಲ. 1985ರಲ್ಲಿ ಅವರು ತೀರಿಕೊಂಡರು.

ಮರುವರ್ಷ ಅವರ ಬಗ್ಗೆ ಲೇಖನ ಬರೆದು, ಆ ಪ್ರಬಂಧ ಮೊದಲಿಗೆ ಗುರುತಿಸಲ್ಪಡಲೇ ಇಲ್ಲ ಎಂದು ದಾಖಲಿಸಿದವರು ಯಾರು ಗೊತ್ತೇ? ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿಯನ್ನು ಹೊರತಂದು, ಉಲ್ಲೇಖ ಎಣಿಸುವ ಈ ಪದ್ಧತಿಯನ್ನೇ ಶುರು ಮಾಡಿದ ಮನುಷ್ಯ! ಎಣಿಕೆಯನ್ನು ಕಲಿಸಿದವರೇ, ಎಣಿಕೆ ತಡವಾಗಿ ಬರುತ್ತದೆ ಎಂಬುದಕ್ಕೆ ಸಾಕ್ಷಿ ಹೇಳಿದ ಹಾಗಾಯಿತು. 1959ರ ಡೇ ಇವತ್ತು ಬಡ್ತಿಗೆ ಅರ್ಜಿ ಹಾಕಿದ್ದರೆ ಸಂದರ್ಶನದ ಮೇಜಿನ ಆ ಕಡೆ ಕೂತವರು ಏನು ಹೇಳುತ್ತಿದ್ದರೋ. ಎಚ್-ಇಂಡೆಕ್ಸ್‌ನ ಇನ್ನೊಂದು ತೊಡಕೂ ಇಲ್ಲೇ ಕಾಣುತ್ತದೆ. ಮೂರೇ ಪ್ರಬಂಧ ಬರೆದು ಜಗತ್ತನ್ನೇ ಬದಲಿಸಿದರೂ ಅದು 3 ದಾಟುವುದಿಲ್ಲ.

ಈಗ ಇದರ ತಿರುವು ಮುರುವು ನೋಡಿ. 1998ರಲ್ಲಿ ಬ್ರಿಟನ್‌ನ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಬರೀ 12 ಮಕ್ಕಳನ್ನು ನೋಡಿ ‘ಲ್ಯಾನ್ಸೆಟ್’ನಲ್ಲಿ ಪ್ರಬಂಧ ಬರೆದರು. ದಡಾರ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಗುಮಾನಿ ಹುಟ್ಟಿದ್ದು ಅಲ್ಲಿಂದ. 2010ರಲ್ಲಿ ಲ್ಯಾನ್ಸೆಟ್ ಅದನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ವೇಕ್‌ಫೀಲ್ಡ್ ಹೆಸರು ಬ್ರಿಟನ್‌ನ ವೈದ್ಯರ ಪಟ್ಟಿಯಿಂದಲೇ ಕಿತ್ತುಹೋಯಿತು. ಆದರೆ ಆ ಪ್ರಬಂಧಕ್ಕೆ ಬಂದ ಉಲ್ಲೇಖಗಳು ಸಾವಿರಕ್ಕೂ ಹೆಚ್ಚು! ಅವುಗಳಲ್ಲಿ ಹೆಚ್ಚಿನವು ‘ಇದು ತಪ್ಪು’ ಅಂತ ಹೇಳುವುದಕ್ಕೇ ಬರೆದವು. ಎಣಿಸುವ ಯಂತ್ರಕ್ಕೆ ಹೊಗಳಿಕೆಯೂ ಒಂದೇ, ಬೈಗುಳವೂ ಒಂದೇ.

ಇದು ಎಲ್ಲೋ ಇಂಗ್ಲೆಂಡಿನ ಕತೆ ಅಂತ ನಾವು ಸುಮ್ಮನಿರುವಂತಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೆ. ಆಗ ವಾಟ್ಸಾಪ್‌ನಲ್ಲಿ ಓಡಾಡಿದ ಸಂದೇಶಗಳು ಅನೇಕರಿಗೆ ನೆನಪಿರಬಹುದು. ಶಾಲೆಗೆ ಚೀಟಿ ಬಂದಾಗ ಸಹಿ ಹಾಕಲಾ ಬೇಡವಾ ಅಂತ ನಮ್ಮ ಎಷ್ಟು ತಾಯಂದಿರು ಕೈ ಹಿಂದೆ ಎಳೆದರು! ‘ದೊಡ್ಡ ಪತ್ರಿಕೆಯಲ್ಲಿ ಬಂದಿದೆಯಂತೆ’ ಎಂಬ ಒಂದು ಮಾತು ಮನೆಯೊಳಗೆ ಎಷ್ಟು ಭಾರವಾಗುತ್ತದೆ ಅಂತ ಆಗ ಗೊತ್ತಾಯಿತು. ಆ ಪ್ರಬಂಧ ಹಿಂದಕ್ಕೆ ಹೋಗಿ ಆಗಲೇ ಏಳು ವರ್ಷ ಕಳೆದಿತ್ತು.

ಈ ಮಾತು ಇವತ್ತು ಯಾಕೆ ಅಂದರೆ, ಅಂಕಿಯ ಹಿಂದಿನ ಓಟ ಈಗ ಕಾಲೇಜಿನ ಒಳಗೇ ಬಂದಿದೆ. ವೈದ್ಯಕೀಯ ಅಧ್ಯಾಪಕರ ಬಡ್ತಿಗೆ ಪ್ರಬಂಧಗಳು ಬೇಕು. ಕಾಲೇಜಿನ ಶ್ರೇಯಾಂಕಕ್ಕೆ ಪ್ರಬಂಧ, ಉಲ್ಲೇಖ ಎರಡೂ ಬೇಕು. ಹಗಲಿಡೀ ಒಪಿಡಿಯಲ್ಲಿ ರೋಗಿಗಳನ್ನು ನೋಡಿ, ಮಧ್ಯಾಹ್ನ ಪಾಠ ಮಾಡುವ ಡಾಕ್ಟರು ಸಂಶೋಧನೆಯನ್ನು ಯಾವಾಗ ಮಾಡಬೇಕು? ಈ ಇಕ್ಕಟ್ಟಿನಲ್ಲೇ ದುಡ್ಡಿಗೆ ಪ್ರಬಂಧ ಬರೆದುಕೊಡುವ ಅಂಗಡಿಗಳು ಬೆಳೆದವು. ಉಲ್ಲೇಖವೂ ಮದುವೆ ಮನೆಯ ಮುಯ್ಯಿಯಂತಾಯಿತು. ನೀನು ನನ್ನ ಹೆಸರು ಹಾಕು, ನಾನು ನಿನ್ನದು ಹಾಕುತ್ತೇನೆ. 2023ರಲ್ಲಿ ಹಿಂದಾವಿ ಎಂಬ ಒಂದೇ ಪ್ರಕಾಶನ ಸಂಸ್ಥೆಯ ಪತ್ರಿಕೆಗಳಿಂದ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಶ್ರೇಯಾಂಕ ಕೂಡಾ 2025ರಲ್ಲಿ ಮೊದಲ ಸಲ, ಹಿಂದಕ್ಕೆ ಪಡೆದ ಪ್ರಬಂಧಗಳಿಗೆ ಅಂಕ ಕಡಿತ ಮಾಡುವ ಕ್ರಮ ತಂದಿತು. ತಡವಾದರೂ ಒಳ್ಳೆಯದಾಯಿತು.

ಒಂದು ಸುಳ್ಳು ಪ್ರಬಂಧ ಕಪಾಟಿನಲ್ಲಿ ಕೂತಿರುವುದಿಲ್ಲ. ಹಲವು ಪ್ರಬಂಧಗಳನ್ನು ಒಟ್ಟು ಹಾಕಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವಾಗ ಅದೂ ಸೇರಿಕೊಂಡರೆ, ಕೊನೆಗೆ ಬಂದು ತಲುಪುವುದು ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತ ಬಡ ರೋಗಿಯ ಚೀಟಿಗೆ. ನಷ್ಟ ಅವನದ್ದು.

ಹಾಗಾದರೆ ನಾವೇನು ಮಾಡಬಹುದು? ಪಟ್ಟಿಯನ್ನು ಹರಿದು ಬಿಸಾಡುವುದು ಬೇಡ, ಓದಲು ಕಲಿಯುವುದು ಒಳ್ಳೆಯದು. ಅದು ಇಡೀ ಜೀವಮಾನದ್ದೋ, ಒಂದು ವರ್ಷದ್ದೋ? ತಮ್ಮ ಪ್ರಬಂಧವನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದ ಮೇಲೆ ಎಷ್ಟು ಉಳಿಯುತ್ತದೆ? ಅಯೋನಿಡಿಸ್ ಅವರ ಪಟ್ಟಿಯಲ್ಲೇ ಆ ಲೆಕ್ಕವೂ ಇದೆ, ಯಾರು ಬೇಕಾದರೂ ನೋಡಬಹುದು. ಹಿಂದಕ್ಕೆ ಪಡೆದ ಪ್ರಬಂಧ ಏನಾದರೂ ಉಂಟಾ? ಎಲ್ಲಕ್ಕಿಂತ ಮುಖ್ಯವಾಗಿ, ಅವರು ಕಂಡುಹಿಡಿದದ್ದು ಏನು?

ಮುಂದಿನ ಸಲ ಊರಲ್ಲಿ ಸಂಶೋಧಕರೊಬ್ಬರಿಗೆ ಸನ್ಮಾನ ಇಟ್ಟುಕೊಂಡರೆ ಒಂದು ಕೆಲಸ ಮಾಡೋಣ. ಗಣ್ಯರ ಭಾಷಣ ಸ್ವಲ್ಪ ಕಮ್ಮಿ ಮಾಡಿ ಅವರಿಗೇ ಹದಿನೈದು ನಿಮಿಷ ಕೊಡೋಣ. ‘ಡಾಕ್ಟ್ರೇ, ನಿಮ್ಮ ಕೆಲಸ ಏನು, ಅದರಿಂದ ರೋಗಿಗೆ ಏನು ಬದಲಾಯಿತು, ನಮಗೆ ತಿಳಿಯುವ ಮಾತಿನಲ್ಲಿ ಹೇಳಿ’ ಅಂತ ಕೇಳೋಣ. ನಿಜವಾದ ಕೆಲಸ ಮಾಡಿದವರಿಗೆ ಆ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತ ನೀಟ್ ಬರೆಯುವ ಹುಡುಗಿಗೂ, ಪಟ್ಟಿಯಲ್ಲಿನ ಸ್ಥಾನಕ್ಕಿಂತ ಆ ಉತ್ತರವೇ ಹೆಚ್ಚು ದಿನ ನೆನಪಿರುತ್ತದೆ.